ದೆಹಲಿಯ ಗೆರೆ, ಅದರ ಪಕ್ಕದ ಮಾತು

ಗಾಳಿಯ ಗ್ರಾಫ್ ನೋಡದೆ ದೆಹಲಿಯ ಚಳಿಗಾಲ ಕಳೆಯುವುದಿಲ್ಲ. ಏರಿಳಿಯುವ ಗೆರೆಯನ್ನು ಯಂತ್ರ ಬರೆಯುತ್ತದೆ. ಅದರ ಮೇಲೆ ‘ದೀಪಾವಳಿ’, ‘ಸಮ-ಬೆಸ’, ‘ಮಳೆ’ ಎಂದು ಬರೆಯುವವರು ಮನುಷ್ಯರು. ಆ ಒಂದು ಪದ ಒಂದೇ ದಿನ ಎಡಕ್ಕೋ ಬಲಕ್ಕೋ ಸರಿದರೂ ಸಾಕು, ತಪ್ಪಿತಸ್ಥರು ಬದಲಾಗುತ್ತಾರೆ!

ನವೆಂಬರ್ ಮೊದಲ ವಾರ. ದೆಹಲಿಯ ಆನಂದ ವಿಹಾರ ಬಸ್ ನಿಲ್ದಾಣದಲ್ಲಿ ಮಧ್ಯಾಹ್ನ ಮೂರು ಗಂಟೆಗೇ ಬೆಳಕು ಕಂದಿದೆ. ಫ್ಲೈಓವರ್‌ನ ಆಚೆ ತುದಿ ಕಾಣುವುದಿಲ್ಲ. ಆಟೊದವರು ಮಫ್ಲರನ್ನು ಮೂಗಿನ ಮೇಲಕ್ಕೆ ಎಳೆದುಕೊಂಡಿದ್ದಾರೆ. ಗಂಟಲಲ್ಲಿ ಸುಟ್ಟ ವಾಸನೆ, ಕಣ್ಣಲ್ಲಿ ಉರಿ. ನಾಲ್ಕು ದಾಟಿದ್ದೇ ತಡ, ಜೇಬಿನಿಂದ ಫೋನುಗಳು ಹೊರಬರುತ್ತವೆ. ದಿನದ ಅಂಕಿ ಬಂದಿದೆ.

ಆ ಅಂಕಿ ಹೊರಡುವುದು ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಅರ್ಜುನ್ ನಗರದಿಂದ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪರಿವೇಶ ಭವನದಿಂದ. ಪ್ರತಿದಿನ ಸಂಜೆ 4ರ ಬುಲೆಟಿನ್‌ನಲ್ಲಿ ದೆಹಲಿ, ಗುರುಗ್ರಾಮ, ಫರೀದಾಬಾದ್, ಗಾಜಿಯಾಬಾದ್, ನೊಯ್ಡಾಗಳ ವಾಯು ಗುಣಮಟ್ಟ ಸೂಚ್ಯಂಕ ಇರುತ್ತದೆ. ಅರ್ಧ ಗಂಟೆಯೊಳಗೆ ಅದು ಸುದ್ದಿತಾಣಗಳ ಚಾರ್ಟ್‌ಗಳಲ್ಲಿ ಹೊಸ ಬಿಂದುವಾಗಿ ಕೂರುತ್ತದೆ. ಬೆರಳಿಟ್ಟರೆ ಆ ದಿನದ ಅಂಕಿ, ಎರಡು ಬೆರಳಲ್ಲಿ ಹಿಗ್ಗಿಸಿದರೆ ಆ ವಾರದ ಕಥೆ.

ರಾತ್ರಿ ಹೊತ್ತಿಗೆ ಅದೇ ಗೆರೆ ಹುಬ್ಬಳ್ಳಿಯ ಟಿವಿಯಲ್ಲೂ ಕಾಣುತ್ತದೆ. ದೆಹಲಿಯ ದ್ವಾರಕೆಯಲ್ಲೋ ಆರ್.ಕೆ. ಪುರಂನಲ್ಲೋ ಇರುವ ಮಗನಿಗೆ ಅವ್ವನ ಫೋನು ಬರುತ್ತದೆ: “ಗೆರಿ ಭಾಳ ಮ್ಯಾಲ ಹೋಗೇತಂತಲ್ಲೋ. ಹೊರಗ ಅಡ್ಡ್ಯಾಡಬ್ಯಾಡ ಮಗಾ.”

ಗೆರೆ ಏರಿದ್ದು ಎಲ್ಲರಿಗೂ ಕಾಣುತ್ತದೆ. ಯಾಕೆ ಏರಿತು? ಅದನ್ನು ಗೆರೆ ಹೇಳುವುದಿಲ್ಲ, ಪಕ್ಕದಲ್ಲಿರುವ ಟಿಪ್ಪಣಿ ಹೇಳುತ್ತದೆ. ನಾಲ್ಕೈದು ಪದಗಳ ಈ ಪುಟ್ಟ ಬರಹ ಎಲ್ಲಿ ಕೂರಬೇಕು, ಬೆರಳು ತಾಗಿದಾಗ ಎಲ್ಲಿಗೆ ಸರಿಯಬೇಕು ಎಂಬುದು ಬರೀ ಅಲಂಕಾರದ ಪ್ರಶ್ನೆಯಾಗಿ ಉಳಿದಿಲ್ಲ. ದೇಶದ ರಾಜಧಾನಿಯಲ್ಲಿ ಯಾರನ್ನು ಹೊಣೆ ಮಾಡಬೇಕು ಎಂಬ ಪ್ರಶ್ನೆಗೂ ಅದು ಉತ್ತರ ಕೊಡುತ್ತಿದೆ.

ದೀಪಾವಳಿಯ ಬಿಂದು ಯಾವುದು?

2023ರ ನವೆಂಬರ್ 12, ಭಾನುವಾರ. ಎರಡು ದಿನ ಮೊದಲು ಮಳೆ ಬಂದು ಗಾಳಿ ತೊಳೆದಿತ್ತು. ದೀಪಾವಳಿಯ ಸಂಜೆ ದೆಹಲಿಯ ಸೂಚ್ಯಂಕ 218. ಎಂಟು ವರ್ಷಗಳಲ್ಲೇ ಅತ್ಯಂತ ಶುದ್ಧ ದೀಪಾವಳಿ ಎಂದು ಸುದ್ದಿಯಾಯಿತು. ಮರುದಿನದ ಸೂಚ್ಯಂಕ 358.

ಚಾರ್ಟ್ ಮಾಡುವವರು ‘ದೀಪಾವಳಿ’ ಎಂಬ ಪದವನ್ನು ಎಲ್ಲಿ ಇಡಬೇಕು? ಪಂಚಾಂಗ ನೋಡಿದರೆ 12ರ ಬಿಂದುವಿನ ಮೇಲೆ. ಹಾಗಿಟ್ಟರೆ ಓದುಗರಿಗೆ ಕಾಣುವುದು ಒಂದು ತಗ್ಗು. ಹಬ್ಬದ ದಿನ ಗಾಳಿ ಚೆನ್ನಾಗಿತ್ತು, ಪಟಾಕಿಯಿಂದ ಏನೂ ಆಗಲಿಲ್ಲ ಎಂದು ಅವರು ಓದಿಕೊಳ್ಳುತ್ತಾರೆ.

ಆದರೆ ಸಂಜೆ 4ರ ಅಂಕಿ ಹಿಂದಿನ 24 ಗಂಟೆಗಳ ಸರಾಸರಿ. 12ರ ಲೆಕ್ಕ ಮುಗಿದದ್ದು ಆ ಸಂಜೆ ನಾಲ್ಕಕ್ಕೆ. ಹಬ್ಬದ ರಾತ್ರಿಯ ಪಟಾಕಿ ಆಗ ಇನ್ನೂ ಶುರುವಾಗಿರಲಿಲ್ಲ. ಆ ರಾತ್ರಿಯ ಹೊಗೆಯೆಲ್ಲ ಸೇರಿಕೊಂಡದ್ದು 13ರ ಅಂಕಿಯೊಳಗೆ. ಪಂಚಾಂಗದ ದೀಪಾವಳಿ ಒಂದು ಬಿಂದುವಿನಲ್ಲಿದೆ, ಗಾಳಿಯ ದೀಪಾವಳಿ ಅದರ ಮುಂದಿನ ಬಿಂದುವಿನಲ್ಲಿದೆ.

2021ರಲ್ಲೂ ಇದೇ ಆಯಿತು. ನವೆಂಬರ್ 4ರ ಹಬ್ಬದ ಸಂಜೆ 382, ಮರುದಿನ 462. ದಿನದ ಅಂಕಿಯ ಚಾರ್ಟ್‌ನಲ್ಲಿ ‘ದೀಪಾವಳಿ’ಯನ್ನು ಹಬ್ಬದ ತಾರೀಕಿಗೆ ಅಂಟಿಸುವ ಪ್ರತಿಯೊಬ್ಬರೂ, ತಿಳಿದೋ ತಿಳಿಯದೆಯೋ, ಹಬ್ಬಕ್ಕೆ ಮೊದಲಿನ ಗಾಳಿಗೆ ಹಬ್ಬದ ಹೆಸರಿಡುತ್ತಾರೆ.

ಸರಿಯಾದ ದಾರಿ ಇದೆ. ಗಂಟೆಗಂಟೆಯ ಅಂಕಿ ಇಟ್ಟುಕೊಂಡು, ಹಬ್ಬದ ಸಂಜೆಯಿಂದ ಮರುದಿನ ಬೆಳಗಿನವರೆಗೆ ತೆಳುಬಣ್ಣದ ಪಟ್ಟಿ ಎಳೆದು, ಅದರ ನೆತ್ತಿಯ ಮೇಲೆ ‘ದೀಪಾವಳಿ ರಾತ್ರಿ’ ಎಂದು ಬರೆಯಬಹುದು. ದಿನದ ಅಂಕಿಯೇ ಬೇಕೆಂದರೆ ಟಿಪ್ಪಣಿ ಮರುದಿನದ ಬಿಂದುವಿಗೆ ಸೇರಬೇಕು: ‘ಹಬ್ಬದ ರಾತ್ರಿಯ ಹೊಗೆ ಈ ಅಂಕಿಯಲ್ಲಿದೆ’.

▣ ಬಣ್ಣದ ಆರು ಮೆಟ್ಟಿಲು
ರಾಷ್ಟ್ರೀಯ ವಾಯು ಗುಣಮಟ್ಟ ಸೂಚ್ಯಂಕಕ್ಕೆ ಪ್ರಧಾನಿ ಚಾಲನೆ ಕೊಟ್ಟದ್ದು 2015ರ ಏಪ್ರಿಲ್ 6ರಂದು.
• 0–50 ಉತ್ತಮ
• 51–100 ತೃಪ್ತಿಕರ
• 101–200 ಮಧ್ಯಮ
• 201–300 ಕಳಪೆ
• 301–400 ಅತಿ ಕಳಪೆ
• 401–500 ತೀವ್ರ
ಅಳತೆಪಟ್ಟಿ 500ಕ್ಕೆ ನಿಲ್ಲುತ್ತದೆ. ಗೆರೆ ಆ ತುದಿಗೆ ತಾಗಿದಾಗ ‘ಅಳತೆ ಇಲ್ಲಿಗೆ ಮುಗಿಯುತ್ತದೆ’ ಎಂಬ ಟಿಪ್ಪಣಿ ಬೇಕು. ಇಲ್ಲದಿದ್ದರೆ ಗಾಳಿ ಅದಕ್ಕಿಂತ ಕೆಡಲಿಲ್ಲ ಎಂದು ಓದುಗರು ತಿಳಿಯುತ್ತಾರೆ.

ಶಿಖರದ ಮರುದಿನ

2019ರ ನವೆಂಬರ್ 3ರಂದು ದೆಹಲಿಯ ಸೂಚ್ಯಂಕ 494ಕ್ಕೆ ಏರಿತು. ಗೆರೆ ಇನ್ನೇನು ಚಾರ್ಟ್‌ನ ಚಾವಣಿ ಮುಟ್ಟಬೇಕಿತ್ತು. ಮರುದಿನ, ನವೆಂಬರ್ 4ಕ್ಕೆ, ನೋಂದಣಿ ಸಂಖ್ಯೆಯ ಕೊನೆಯ ಅಂಕಿ ನೋಡಿ ಕಾರುಗಳನ್ನು ದಿನ ಬಿಟ್ಟು ದಿನ ರಸ್ತೆಗೆ ಬಿಡುವ ಸಮ-ಬೆಸ ನಿಯಮ ಜಾರಿಗೆ ಬಂತು. ಅಂದಿನಿಂದಲೇ ಗೆರೆ ಇಳಿಯತೊಡಗಿತು.

ಆ ಇಳಿಜಾರಿನ ಮೇಲೆ ಒಂದು ಬಾಣ ಎಳೆದು ‘ಸಮ-ಬೆಸ ಆರಂಭ’ ಎಂದು ಬರೆದು ನೋಡಿ. ಒಂದಕ್ಷರವೂ ಸುಳ್ಳಿಲ್ಲ. ದಿನಾಂಕ ಸರಿ, ಅಂಕಿ ಸರಿ, ಬಾಣದ ಮೊನೆಯೂ ಸರಿಯಾದ ಬಿಂದುವಿನಲ್ಲಿದೆ. ಹಾಗಿದ್ದರೂ ಚಾರ್ಟ್ ಹೇಳುತ್ತಿರುವುದು ಅರ್ಧ ಸತ್ಯ. ಆ ದಿನಗಳಲ್ಲಿ ಗಾಳಿಯ ವೇಗವೂ ಹೆಚ್ಚಿತ್ತು. ನಿಯಮ ಇದ್ದದ್ದು ನವೆಂಬರ್ 15ರವರೆಗೆ. ಆದರೆ ಅದು ಮುಗಿಯುವ ಮುನ್ನವೇ, ಎರಡನೇ ವಾರದಲ್ಲಿ, ಸೂಚ್ಯಂಕ ಮತ್ತೆ ‘ತೀವ್ರ’ ಮಟ್ಟಕ್ಕೆ ಏರಿತು.

ಅದೇ ಟಿಪ್ಪಣಿಯನ್ನು ಬಾಣದಿಂದ ಬಿಡಿಸಿ ಪಟ್ಟಿಯ ಮೇಲೆ ಇಡಿ. 4ರಿಂದ 15ರವರೆಗಿನ ತೆಳುಬಣ್ಣದ ಪಟ್ಟಿ, ಅದರ ತಲೆಯಲ್ಲಿ ‘ಸಮ-ಬೆಸ ಜಾರಿ’. ಕೆಳಗೆ ಅದೇ ದಿನಗಳ ಗಾಳಿಯ ವೇಗ ತೋರಿಸುವ ಸಣ್ಣ ಗ್ರಾಫ್. ಈಗ ಓದುಗರಿಗೆ ಇಳಿಜಾರೂ ಕಾಣುತ್ತದೆ, ಎರಡನೇ ಏರೂ ಕಾಣುತ್ತದೆ. ಯೋಜನೆ ಕೆಲಸ ಮಾಡಿತೇ ಎಂಬ ತೀರ್ಮಾನ ಅವರ ಕೈಗೇ ಬರುತ್ತದೆ. ಪದಗಳು ಅವೇ, ಬದಲಾದದ್ದು ಜಾಗ ಮಾತ್ರ.

ಹತ್ತಿರ ಇದ್ದದ್ದನ್ನು ಕಾರಣ ಎಂದುಕೊಳ್ಳುವುದು ಕಣ್ಣಿನ ಸಹಜ ಗುಣ. ಪಂಜಾಬಿನ ಹೊಲಗಳಲ್ಲಿ ಕೂಳೆಗೆ ಇಟ್ಟ ಬೆಂಕಿ, ನಿಂತ ಗಾಳಿ, ವಾಹನಗಳ ಹೊಗೆ, ಪಟಾಕಿ ಎಲ್ಲವೂ ದೆಹಲಿಯಲ್ಲಿ ಅಕ್ಟೋಬರ್-ನವೆಂಬರ್‌ನ ಅದೇ ಕೆಲವು ವಾರಗಳಲ್ಲಿ ಕೂಡುತ್ತವೆ. ಶಿಖರದ ಪಕ್ಕದಲ್ಲಿ ಒಂದಕ್ಕೇ ಜಾಗ ಕೊಟ್ಟರೆ ಉಳಿದವು ತಪ್ಪಿಸಿಕೊಳ್ಳುತ್ತವೆ. ಪಂಜಾಬಿನ ರೈತನ ಹೆಸರು ಬರೆಯುವುದೋ, ದೆಹಲಿಯ ಕಾರಿನ ಹೆಸರು ಬರೆಯುವುದೋ? ಟಿಪ್ಪಣಿ ಬರೆಯುವವರು ಆ ಗಳಿಗೆಯಲ್ಲಿ ನ್ಯಾಯ ಹೇಳುವ ಸ್ಥಾನದಲ್ಲಿ ಕೂತಿರುತ್ತಾರೆ.

ಗೆರೆಗೆ ಹೆಸರಿಟ್ಟವರು

ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1786ರಲ್ಲಿ ತನ್ನ ವಾಣಿಜ್ಯ ಅಟ್ಲಾಸ್ ಪ್ರಕಟಿಸಿದಾಗ ಆಮದು-ರಫ್ತಿನ ಗೆರೆಗಳ ಹೆಸರನ್ನು ಗೆರೆಗಳ ಮೇಲೆಯೇ ಬರೆದ. ಎರಡು ಗೆರೆಗಳ ನಡುವಿನ ಜಾಗದಲ್ಲಿ, ಲಾಭ ಯಾರ ಕಡೆಗಿದೆ ಎಂಬುದನ್ನೂ ಬರೆದ. ಈಸ್ಟ್ ಇಂಡೀಸ್ ವ್ಯಾಪಾರದ ಚಾರ್ಟ್ ಕೂಡ ಅದರಲ್ಲಿತ್ತು. ಇಂದಿನ ಚಾರ್ಟ್‌ಗಳಂತೆ ಮೂಲೆಯಲ್ಲಿ ಬಣ್ಣದ ಪಟ್ಟಿ ಇಟ್ಟು ಓದುಗರನ್ನು ಅತ್ತಿತ್ತ ಓಡಾಡಿಸಲಿಲ್ಲ.

1869ರಲ್ಲಿ ಫ್ರಾನ್ಸಿನ ಎಂಜಿನಿಯರ್ ಷಾರ್ಲ್ ಮಿನಾರ್ ನೆಪೋಲಿಯನ್ನನ ರಷ್ಯಾ ದಂಡಯಾತ್ರೆಯ ಚಿತ್ರ ಬರೆದ. ಸೈನ್ಯದ ಗಾತ್ರ ತೋರುವ ಪಟ್ಟಿಗೆ ಅಡ್ಡಲಾಗಿ ಸೈನಿಕರ ಸಂಖ್ಯೆ. ಹೊರಡುವಾಗ 4,22,000, ಮರಳುವಾಗ 10,000. ಕೆಳಗೆ ಚಳಿಯ ಅಳತೆ, ಅದರಿಂದ ಸೈನ್ಯದ ಪಟ್ಟಿಗೆ ಏರುವ ಸಣ್ಣ ಗೆರೆಗಳು. ಯಾವ ಚಳಿಗೆ ಯಾವ ಊರಲ್ಲಿ ಎಷ್ಟು ಮಂದಿ ಉಳಿದಿದ್ದರು ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಸ್ವಿಟ್ಜರ್ಲೆಂಡಿನ ಭೂಪಟ ತಜ್ಞ ಎಡುವಾರ್ಡ್ ಇಮ್‌ಹೋಫ್ ಈ ಕೈಚಳಕಕ್ಕೆ ನಿಯಮ ಬರೆದರು. ಊರಿನ ಚುಕ್ಕೆಗೆ ಹೆಸರಿಡಲು ಮೊದಲ ಆಯ್ಕೆ ಮೇಲಿನ ಬಲಭಾಗ. ಯಾವ ಹೆಸರು ಯಾವ ಚುಕ್ಕೆಯದು ಎಂಬ ಅನುಮಾನ ಎಂದೂ ಬರಬಾರದು. ಹೆಸರುಗಳು ಒಂದರ ಮೇಲೊಂದು ಬೀಳಬಾರದು. ಕೆಳಗಿನ ಚಿತ್ರವನ್ನು ಆದಷ್ಟು ಕಡಿಮೆ ಮುಚ್ಚಬೇಕು.

ಇವರೆಲ್ಲರಿಗೂ ಒಂದು ನೆಮ್ಮದಿ ಇತ್ತು. ಕಾಗದದ ಮೇಲೆ ಒಮ್ಮೆ ಬರೆದ ಪದ ಅಲ್ಲೇ ಇರುತ್ತದೆ.

▣ ಕಂಪ್ಯೂಟರ್ ಕೂಡ ಸುಸ್ತು
ಪ್ರತಿ ಬಿಂದುವಿನ ಸುತ್ತ ಹೆಸರಿಡಲು ನಾಲ್ಕೇ ಜಾಗ ಎಂದುಕೊಳ್ಳಿ. 10 ಬಿಂದುಗಳಿಗೆ 10,48,576 ರೀತಿಯ ಜೋಡಣೆ ಸಾಧ್ಯ. 20 ಬಿಂದುಗಳಾದರೆ ಒಂದು ಲಕ್ಷ ಕೋಟಿಗೂ ಹೆಚ್ಚು. ಒಂದೂ ಡಿಕ್ಕಿಯಾಗದ ಅತ್ಯುತ್ತಮ ಜೋಡಣೆ ಹುಡುಕುವುದು ಗಣಕ ವಿಜ್ಞಾನದಲ್ಲಿ ‘ಎನ್‌ಪಿ-ಹಾರ್ಡ್’ ವರ್ಗದ ಸಮಸ್ಯೆ ಎಂದು 1990ರ ದಶಕದ ಆರಂಭದಲ್ಲೇ ಸಾಬೀತಾಯಿತು. ತಂತ್ರಾಂಶಗಳು ‘ಸಾಕಷ್ಟು ಒಳ್ಳೆಯ’ ಜೋಡಣೆಗೇ ತೃಪ್ತಿಪಡುತ್ತವೆ. ಮುಖ್ಯ ಟಿಪ್ಪಣಿಗಳ ಜಾಗವನ್ನು ಇಂದಿಗೂ ಮನುಷ್ಯರೇ ಕೈಯಾರೆ ನಿರ್ಧರಿಸಬೇಕಾಗುತ್ತದೆ.

ಗೂಟ ಎಲ್ಲಿ, ಹಗ್ಗ ಎಷ್ಟು?

ಬೆರಳಿಗೆ ಸ್ಪಂದಿಸುವ ಚಾರ್ಟ್‌ನಲ್ಲಿ ಯಾವುದೂ ನಿಂತಲ್ಲಿ ನಿಲ್ಲುವುದಿಲ್ಲ. ಓದುಗರು ಹಿಗ್ಗಿಸುತ್ತಾರೆ, ಎಳೆಯುತ್ತಾರೆ, ಆನಂದ ವಿಹಾರದ ಮಾಪನ ಕೇಂದ್ರ ಬಿಟ್ಟು ಲೋಧಿ ರಸ್ತೆಯ ಕೇಂದ್ರ ಆರಿಸುತ್ತಾರೆ. ನಾಳೆ ಸಂಜೆ ಹೊಸ ಬಿಂದು ಬಂದು ಇಡೀ ಗೆರೆಯನ್ನು ಎಡಕ್ಕೆ ತಳ್ಳುತ್ತದೆ. ಇದರ ನಡುವೆ ಟಿಪ್ಪಣಿ ತನ್ನ ಬಿಂದುವನ್ನು ಬಿಡದೆ ಹಿಡಿದಿರಬೇಕು.

ಹಸುವನ್ನು ಮೇಯಲು ಕಟ್ಟುವ ರೀತಿಯಲ್ಲೇ ಇದರ ಗುಟ್ಟಿದೆ. ಗೂಟ ಗಟ್ಟಿಯಾಗಿ ನೆಲದಲ್ಲಿರಬೇಕು, ಹಗ್ಗಕ್ಕೆ ಸ್ವಲ್ಪ ಸಡಿಲ ಬೇಕು. ಇಲ್ಲಿ ನೆಲವೆಂದರೆ ದತ್ತಾಂಶ: ‘2019 ನವೆಂಬರ್ 3, ಸೂಚ್ಯಂಕ 494’. ಹಗ್ಗವೆಂದರೆ ಆ ಬಿಂದುವಿನಿಂದ ಬರಹದವರೆಗಿನ ಅಂತರ, ಪರದೆಯ ಪಿಕ್ಸೆಲ್‌ಗಳಲ್ಲಿ: ‘ಬಲಕ್ಕೆ 20, ಮೇಲಕ್ಕೆ 30’. ಚಾರ್ಟ್ ಎಷ್ಟೇ ಹಿಗ್ಗಿದರೂ ಗೂಟ ಆ ದಿನದ ಜೊತೆ ಸರಿಯುತ್ತದೆ. ಬರಹ ಮಾತ್ರ ಕೈಯಳತೆಯ ದೂರದಲ್ಲೇ ಉಳಿಯುತ್ತದೆ.

ಗೂಟವನ್ನೂ ಪಿಕ್ಸೆಲ್ ಲೆಕ್ಕದಲ್ಲೇ ನೆಟ್ಟರೆ ಅನಾಹುತ. ಇವತ್ತು ‘ಮಳೆ’ ಎಂಬ ಪದ ಸರಿಯಾದ ತಗ್ಗಿನ ಮೇಲಿದೆ. ವಾರ ಕಳೆಯುತ್ತದೆ, ಏಳು ಹೊಸ ಬಿಂದುಗಳು ಬರುತ್ತವೆ, ಗೆರೆ ಎಡಕ್ಕೆ ಸರಿಯುತ್ತದೆ, ಪದ ಇದ್ದಲ್ಲೇ ಇರುತ್ತದೆ. ಈಗ ಅದು ಮಳೆಯೇ ಬಾರದ ಇನ್ನೊಂದು ದಿನದ ಮೇಲೆ ಕೂತಿದೆ. ಯಾರೂ ಸುಳ್ಳು ಬರೆಯಲಿಲ್ಲ, ಆದರೂ ಸಾರ್ವಜನಿಕರ ಮುಂದೆ ಸುಳ್ಳು ನಿಂತಿದೆ. ಅಕ್ಷರತಪ್ಪನ್ನು ಓದುಗರು ಹಿಡಿಯಬಲ್ಲರು. ಜಾಗ ತಪ್ಪಿದ ಟಿಪ್ಪಣಿಯನ್ನು ಹಿಡಿಯಲು ಅವರಿಗೆ ದಾರಿಯೇ ಇಲ್ಲ.

ಸಾಧನಗಳಿಗೇನೂ ಬರವಿಲ್ಲ. ಮೈಕ್ ಬೊಸ್ಟಾಕ್ 2011ರಲ್ಲಿ ಬಿಡುಗಡೆ ಮಾಡಿದ ಡಿ3 ತಂತ್ರಾಂಶ ಸುದ್ದಿಮನೆಗಳ ಚಾರ್ಟ್‌ಗಳ ಸ್ವರೂಪವನ್ನೇ ಬದಲಿಸಿತು. ಅದರ ಮೇಲೆ ಸೂಸಿ ಲು 2017ರಲ್ಲಿ ಟಿಪ್ಪಣಿಗಾಗಿಯೇ ಒಂದು ಸಾಧನ ಕಟ್ಟಿಕೊಟ್ಟರು. ಪ್ಲಾಟ್ಲಿ, ಡೇಟಾರ‍್ಯಾಪರ್‌ಗಳಲ್ಲಿ ಗೂಟವನ್ನು ದತ್ತಾಂಶಕ್ಕೆ ನೆಟ್ಟು ಹಗ್ಗದ ಉದ್ದವನ್ನು ಬೇರೆಯಾಗಿ ಕೊಡಬಹುದು. ಕೊರತೆ ಇರುವುದು ಆ ಆಯ್ಕೆ ಯಾಕೆ ಮುಖ್ಯ ಎಂಬ ಅರಿವಿನಲ್ಲಿ.

ಫೋನಿನ ಪರದೆ ಇನ್ನೊಂದು ಪರೀಕ್ಷೆ. ಕಂಪ್ಯೂಟರ್‌ನಲ್ಲಿ ಹಾಯಾಗಿ ಕೂತಿದ್ದ ಆರು ಟಿಪ್ಪಣಿಗಳು ಅಂಗೈಯಗಲದಲ್ಲಿ ಒಂದನ್ನೊಂದು ತುಳಿಯುತ್ತವೆ. ಆಗ ಬಿಂದುಗಳ ಮೇಲೆ 1, 2, 3 ಎಂದು ಅಂಕಿ ಮಾತ್ರ ಉಳಿಸಿ, ಬರಹವನ್ನೆಲ್ಲ ಚಾರ್ಟ್‌ನ ಕೆಳಗೆ ಸಾಲಾಗಿ ಇಳಿಸಬೇಕು. ಮುಖ್ಯ ಸಂಗತಿಯನ್ನು ತಟ್ಟಿದರೆ ಮಾತ್ರ ಕಾಣುವ ಪೆಟ್ಟಿಗೆಯಲ್ಲಿ ಅಡಗಿಸುವುದು ತಪ್ಪು. ತಟ್ಟದೆ ಮುಂದೆ ಹೋಗುವ ಓದುಗರಿಗೆ ಅದು ಇಲ್ಲದ ಹಾಗೆಯೇ. ತಟ್ಟಿದಾಗ ವಿವರ ಕಾಣಲಿ, ವಾದ ಮಾತ್ರ ಸದಾ ಕಣ್ಣೆದುರಿಗಿರಲಿ.

ರಾಷ್ಟ್ರ ರಾಜಧಾನಿ ಪ್ರದೇಶದ (ಎನ್‌ಸಿಆರ್) ಐದು ಊರುಗಳ ಗೆರೆಗಳನ್ನು ಒಟ್ಟಿಗೆ ಎಳೆದರೆ ಬಲತುದಿಯಲ್ಲಿ ಐದೂ ಹೆಸರು ಗುಂಪುಗೂಡುತ್ತವೆ, ಯಾಕೆಂದರೆ ಎಷ್ಟೋ ದಿನ ಆ ಊರುಗಳ ಗಾಳಿ ಹೆಚ್ಚುಕಡಿಮೆ ಒಂದೇ. ಹೆಸರುಗಳನ್ನು ಮೇಲೆ ಕೆಳಗೆ ಬಿಡಿಸಿಟ್ಟು ಸಣ್ಣ ಎಳೆಯಿಂದ ಆಯಾ ಗೆರೆಗೆ ಸೇರಿಸಬೇಕು. ಅಕ್ಷರಗಳ ಸುತ್ತ ಹಿನ್ನೆಲೆಯದೇ ಬಣ್ಣದ ತೆಳು ಅಂಚು ಕೊಟ್ಟರೆ ಗೆರೆ ಹಾದುಹೋದರೂ ಓದಲು ಬರುತ್ತದೆ. ಕೆಂಪು-ಹಸಿರು ಬೇರೆಯಾಗಿ ಕಾಣದ ಓದುಗರಿಗೆ ಬಣ್ಣದ ಪಟ್ಟಿ ನಿರುಪಯೋಗಿ. ಗೆರೆಯ ತುದಿಯ ಹೆಸರೇ ಅವರಿಗೆ ಆಸರೆ.

ಚಲಿಸುವ ಚಾರ್ಟ್‌ನಲ್ಲಿ ಬರಹವನ್ನು ಪಳಗಿಸಿದ ಹಾನ್ಸ್ ರೋಸ್ಲಿಂಗ್‌ಗೆ ನಮ್ಮ ನಾಡಿನ ನಂಟಿದೆ. ಸ್ವೀಡನ್ನಿನ ಈ ವೈದ್ಯ 1972ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಸಾರ್ವಜನಿಕ ಆರೋಗ್ಯ ಕಲಿತವರು. 2006ರ ಅವರ ಪ್ರಸಿದ್ಧ ಉಪನ್ಯಾಸದಲ್ಲಿ ದೇಶಗಳು ಗುಳ್ಳೆಗಳಾಗಿ ತೇಲಿದವು. ಇಸವಿ ಮಾತ್ರ ದೊಡ್ಡ ಮಸುಕು ಅಂಕಿಯಾಗಿ ಹಿನ್ನೆಲೆಯಲ್ಲಿ ನಿಂತಿತ್ತು. ಕಣ್ಣು ಗುಳ್ಳೆಯ ಹಿಂದೆ ಹೋದರೂ ಕಾಲ ತಪ್ಪುತ್ತಿರಲಿಲ್ಲ. ಬಿಂದುವಿನ ಮಾತು ಬಿಂದುವಿನ ಜೊತೆ ಸಾಗಬೇಕು, ಇಡೀ ಚಿತ್ರದ ಮಾತು ಪರದೆಗೆ ಅಂಟಿರಬೇಕು.

ಹಳೇ ಸೇತುವೆಯ ಗುರುತು

ಯಮುನೆಯ ಹಳೇ ರೈಲ್ವೆ ಸೇತುವೆಯನ್ನು ದೆಹಲಿಯವರು ಲೋಹಾ ಪುಲ್ ಎನ್ನುತ್ತಾರೆ. ನದಿಯ ಮಟ್ಟ ಅಳೆಯುವುದು ಅಲ್ಲಿ. 2023ರ ಜುಲೈ ಎರಡನೇ ವಾರ ಇಡೀ ನಗರ ಆ ಒಂದು ಗ್ರಾಫನ್ನು ನೋಡುತ್ತಾ ಕೂತಿತ್ತು.

ಆ ಗ್ರಾಫ್‌ಗೆ ಅರ್ಥ ಕೊಟ್ಟದ್ದು ಅಡ್ಡಗೆರೆಗಳು: ಎಚ್ಚರಿಕೆ ಮಟ್ಟ 204.50 ಮೀಟರ್, ಅಪಾಯ ಮಟ್ಟ 205.33, ಅದಕ್ಕೂ ಮೇಲೆ 1978ರ ದಾಖಲೆ 207.49. ಜುಲೈ 12ರಂದು ನೀರು 45 ವರ್ಷದ ಹಿಂದಿನ ಆ ಗೆರೆ ದಾಟಿತು. 13ರಂದು 208.66 ಮುಟ್ಟಿತು. ಕೆಂಪುಕೋಟೆಯ ಗೋಡೆಯ ಪಕ್ಕದ ರಸ್ತೆಯಲ್ಲಿ ನೀರು ನಿಂತಿತ್ತು.

ನದಿಯ ಗ್ರಾಫ್ ಸೊನ್ನೆಯಿಂದ ಶುರುವಾಗುವುದಿಲ್ಲ. ಸಮುದ್ರಮಟ್ಟದಿಂದ ಎಣಿಸಿದ 200 ಮೀಟರ್ ಆಸುಪಾಸಿನಲ್ಲಿ ಅದರ ತಳ. ಹಾಗಾಗಿ ಓದುಗರು ಒಂದು ಗಂಟೆಯ ಅವಧಿಗೆ ಹಿಗ್ಗಿಸಿದರೆ ನಾಲ್ಕು ಸೆಂಟಿಮೀಟರ್ ಏರಿಕೆಯೂ ಬೆಟ್ಟದಂತೆ ಕಾಣುತ್ತದೆ. ಅಪಾಯದ ಗೆರೆ ಪರದೆಯ ಆಚೆ ಹೋದರೆ ಇನ್ನೂ ಕಷ್ಟ. ಆಗ ಅಂಚಿನಲ್ಲಿ ಒಂದು ಸಣ್ಣ ಬಾಣ ಬಂದು ‘ಅಪಾಯ ಮಟ್ಟ ಇನ್ನೂ 60 ಸೆಂಟಿಮೀಟರ್ ಮೇಲಿದೆ’ ಎನ್ನಬೇಕು. ನದಿದಂಡೆಯ ಯಮುನಾ ಬಜಾರಿನ ಮನೆಯವರಿಗೆ ಗಂಟುಮೂಟೆ ಕಟ್ಟಬೇಕೇ ಬೇಡವೇ ಎಂದು ತೀರ್ಮಾನಿಸಲು ಬೇಕಾದ ಮಾಹಿತಿ ಅದು.

ಟಿಪ್ಪಣಿ ಇಲ್ಲದ ದಾಖಲೆ

2024ರ ಮೇ 29ರಂದು ದೆಹಲಿಯ ಮುಂಗೇಶ್‌ಪುರದ ಸ್ವಯಂಚಾಲಿತ ಹವಾಮಾನ ಕೇಂದ್ರ 52.9 ಡಿಗ್ರಿ ಸೆಲ್ಸಿಯಸ್ ಎಂದು ತೋರಿಸಿತು. ಕ್ಷಣದಲ್ಲಿ ಜಗತ್ತಿನ ಸುದ್ದಿ. ಮೂರು ದಿನದ ನಂತರ ಹವಾಮಾನ ಇಲಾಖೆ ಪರೀಕ್ಷೆಯ ಫಲ ತಿಳಿಸಿತು: ಆ ಉಪಕರಣ 3 ಡಿಗ್ರಿಯಷ್ಟು ಹೆಚ್ಚು ತೋರಿಸಿತ್ತು.

ತಿದ್ದುಪಡಿ ಸುದ್ದಿಯಾಗಿ ಬಂತು, ಹೋಯಿತು. ಆದರೆ ಅಂದು ತಯಾರಾದ ಚಾರ್ಟ್‌ಗಳಲ್ಲಿ ಆ ಬಿಂದು ಎತ್ತರದಲ್ಲೇ ನಿಂತಿರುತ್ತದೆ. ಮುಂದೆ ಅದನ್ನು ತೆರೆಯುವ ವಿದ್ಯಾರ್ಥಿಗೆ ‘ಉಪಕರಣ ದೋಷ’ ಎಂಬ ಎರಡು ಪದ ಬಿಂದುವಿನ ಪಕ್ಕದಲ್ಲೇ ಸಿಗಬೇಕು. ಪುಟದ ಅಡಿಯಲ್ಲಿದ್ದರೆ ಸಾಲದು, ಯಾಕೆಂದರೆ ಜನ ಹಂಚಿಕೊಳ್ಳುವುದು ಚಾರ್ಟ್‌ನ ಸ್ಕ್ರೀನ್‌ಶಾಟನ್ನು. ಬಿಂದುವಿಗೆ ಕಟ್ಟಿದ ಟಿಪ್ಪಣಿ ಸ್ಕ್ರೀನ್‌ಶಾಟ್‌ನಲ್ಲೂ ಜೊತೆ ಹೋಗುತ್ತದೆ.

ಕಾವೇರಿಯ ಗೆರೆ ದೆಹಲಿಯ ಮೇಜಿನ ಮೇಲೆ

ಕನ್ನಡಿಗರ ಬದುಕನ್ನು ನೇರವಾಗಿ ಮುಟ್ಟುವ ಒಂದು ಲೆಕ್ಕವೂ ದೆಹಲಿಯಲ್ಲೇ ಚರ್ಚೆಗೆ ಬರುತ್ತದೆ. ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರದ ಕೇಂದ್ರಸ್ಥಾನ ಇರುವುದು ಅಲ್ಲಿ. 2018ರ ಫೆಬ್ರುವರಿ 16ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ತಮಿಳುನಾಡು ಗಡಿಯ ಬಿಳಿಗುಂಡ್ಲುವಿನಲ್ಲಿ ವರ್ಷಕ್ಕೆ 177.25 ಟಿಎಂಸಿ ಅಡಿ ನೀರು ದಾಖಲಾಗಬೇಕು. ಜೂನ್‌ಗೆ 9.19, ಜುಲೈಗೆ 31.24, ಆಗಸ್ಟ್‌ಗೆ 45.95.

ಈ ಮೂರನ್ನು ಕೂಡಿಸಿದರೆ ಆಗಸ್ಟ್ ಕೊನೆಗೆ 86.38. 2023ರಂಥ ಮಳೆ ಕೈಕೊಟ್ಟ ವರ್ಷದಲ್ಲಿ ಹರಿದ ನೀರಿನ ಗೆರೆ ಈ ನಿಗದಿಯ ಗೆರೆಗಿಂತ ಬಹಳ ಕೆಳಗಿರುತ್ತದೆ. ಮೇಲಿನ ಗೆರೆಗೆ ‘ಕೊಡಬೇಕಾದ ನೀರು’ ಎಂದು ಬರೆದರೆ ನಡುವಿನ ಅಂತರವೆಲ್ಲ ಕರ್ನಾಟಕದ ಬಾಕಿಯಂತೆ ಕಾಣುತ್ತದೆ. ‘ಸಾಮಾನ್ಯ ಮಳೆ ವರ್ಷದ ನಿಗದಿ’ ಎಂದು ಬರೆದರೆ ಓದುಗರು ಮುಂದಿನ ಪ್ರಶ್ನೆ ಕೇಳುತ್ತಾರೆ: ಸಂಕಷ್ಟದ ವರ್ಷದಲ್ಲಿ ಎಷ್ಟು? ಆಗ ಕೊರತೆಯನ್ನು ಅನುಪಾತದಲ್ಲಿ ಹಂಚಿದ ಮೂರನೇ ಗೆರೆಯನ್ನೂ ಎಳೆದು ಅದಕ್ಕೂ ಹೆಸರಿಡಬೇಕು. ಆ ಗೆರೆಗೂ ಹರಿದ ನೀರಿಗೂ ನಡುವೆ ಅಂತರ ಉಳಿದರೆ ಅದನ್ನೂ ಮರೆಮಾಚಬಾರದು.

ಮಂಡ್ಯದ ರೈತನಿಗೂ ತಂಜಾವೂರಿನ ರೈತನಿಗೂ ಹೀಗೆ ಹೆಸರಿಟ್ಟ ಚಾರ್ಟ್ ಸಿಗಬೇಕು. ಕೆಆರ್‌ಎಸ್‌ನ ಗ್ರಾಫ್‌ನಲ್ಲಿ 124.80 ಅಡಿಯ ಗರಿಷ್ಠ ಮಟ್ಟದ ಗೆರೆ ಇದ್ದರಷ್ಟೇ ಸಾಲದು. ಆ ತಾರೀಕಿಗೆ ಹಿಂದಿನ ವರ್ಷ ನೀರು ಎಷ್ಟಿತ್ತು, ಬಳಸಲು ಬರುವ ನೀರು ಎಷ್ಟು ಎಂಬ ಗುರುತುಗಳೂ ಅದೇ ಅಕ್ಷದ ಮೇಲೆ ಬೇಕು.

ಕನ್ನಡ ಕೇಳುವ ಜಾಗ

ಈ ಚಾರ್ಟ್‌ಗಳು ಕನ್ನಡದಲ್ಲಿ ಬಂದಾಗ ಇನ್ನೊಂದು ಹೊಣೆ ಸೇರುತ್ತದೆ. ನಮ್ಮ ಲಿಪಿ ಸಾಲಿನ ಕೆಳಗೂ ಬದುಕುತ್ತದೆ. ‘ಎಚ್ಚರಿಕೆ’, ‘ರಾಷ್ಟ್ರೀಯ’ ಎಂದು ಬರೆದರೆ ಒತ್ತಕ್ಷರ ಕೆಳಗಿಳಿಯುತ್ತದೆ. ರೋಮನ್ ಅಕ್ಷರದ ಎತ್ತರಕ್ಕೆ ಲೆಕ್ಕ ಹಾಕಿದ ಪೆಟ್ಟಿಗೆಯಲ್ಲಿ ಆ ಒತ್ತು ಗೆರೆಗೆ ತಾಗುತ್ತದೆ, ಇಲ್ಲವೇ ಕತ್ತರಿಸಿಹೋಗುತ್ತದೆ. ಕನ್ನಡದ ಟಿಪ್ಪಣಿಗೆ ಸಾಲಿನ ಅಂತರ ಹೆಚ್ಚು ಬೇಕು, ಗೆರೆಯಿಂದ ಮೇಲಕ್ಕೆ ಇನ್ನಷ್ಟು ಜಾಗ ಬೇಕು.

ವಿಭಕ್ತಿ, ಸಂಧಿಗಳಿಂದ ನಮ್ಮ ಪದಗಳೂ ಉದ್ದ. ವೆಬ್ ಚಾರ್ಟ್‌ಗಳಲ್ಲಿ ಹೆಚ್ಚಾಗಿ ಬಳಸುವ ಎಸ್‌ವಿಜಿ ಮಾದರಿಯಲ್ಲಿ ಬರಹ ತಾನಾಗಿ ಎರಡನೇ ಸಾಲಿಗೆ ಹೊರಳುವುದಿಲ್ಲ, ಎಲ್ಲಿ ಮುರಿಯಬೇಕೆಂದು ಪ್ರೋಗ್ರಾಂ ಬರೆಯುವವರೇ ಹೇಳಬೇಕು. ಎಣಿಕೆಗೆ ತಕ್ಕಂತೆ ಕತ್ತರಿಸಿದರೆ ‘ಕ್ಷ’ ಕೂಡ ಒಡೆಯುತ್ತದೆ, ಯಾಕೆಂದರೆ ಕಂಪ್ಯೂಟರ್‌ಗೆ ಅದು ಮೂರು ಸಂಕೇತಗಳ ಜೋಡಣೆ. ಪದದ ನಡುವೆ ಮುರಿಯದೆ, ಅರ್ಥ ನಿಲ್ಲುವ ಕಡೆ ಸಾಲು ಮುರಿಯಬೇಕು. ಇಂಗ್ಲಿಷ್ ಚಾರ್ಟ್‌ನ ಪೆಟ್ಟಿಗೆಯೊಳಗೆ ಕನ್ನಡ ತುರುಕಿದರೆ ಈ ಕೆಲಸ ಆಗದು. ಚಾರ್ಟ್ ಹಾಕುವ ಮೊದಲ ದಿನವೇ ಕನ್ನಡದ ಅಳತೆ ತೆಗೆದುಕೊಳ್ಳಬೇಕು.

▣ ಚಾರ್ಟ್ ಮೇಲೆ ಬರೆಯುವ ಮುನ್ನ
• ಟಿಪ್ಪಣಿಯನ್ನು ದಿನಾಂಕಕ್ಕೂ ಅಂಕಿಗೂ ಕಟ್ಟಿ, ಪರದೆಯ ಜಾಗಕ್ಕೆ ಕಟ್ಟಬೇಡಿ.
• ಒಂದು ದಿನದ ಘಟನೆಗೆ ಬಾಣ, ಹಲವು ದಿನದ ಕ್ರಮಕ್ಕೆ ಪಟ್ಟಿ.
• ಅಂಕಿ ಸರಾಸರಿಯಾದರೆ ಯಾವ ಗಂಟೆಯಿಂದ ಯಾವ ಗಂಟೆಯವರೆಗೆ ಎಂದು ಬರೆಯಿರಿ.
• ಓದುಗರು ಬೇರೆ ಊರು ಆರಿಸಿದಾಗ ಹಳೆಯ ಊರಿನ ಟಿಪ್ಪಣಿ ಮರೆಯಾಗಲಿ.
• ‘ಇದರಿಂದ’ ಎಂದು ಬರೆಯಲು ಪುರಾವೆ ಬೇಕು. ಇಲ್ಲದಿದ್ದರೆ ‘ಈ ದಿನ’ ಎಂದಷ್ಟೇ ಬರೆಯಿರಿ.
• ಐದಾರಕ್ಕಿಂತ ಹೆಚ್ಚು ಟಿಪ್ಪಣಿ ಇದ್ದರೆ ಎರಡು ಚಾರ್ಟ್ ಮಾಡಿ.
• ಪರದೆ ಓದುವ ತಂತ್ರಾಂಶ ಬಳಸುವ ಅಂಧರಿಗೂ ಸಿಗುವಂತೆ ಟಿಪ್ಪಣಿ ಚಿತ್ರವಾಗಿರದೆ ಬರಹವಾಗಿಯೇ ಇರಲಿ.

ಸಾರ್ವಜನಿಕರ ಹಕ್ಕು

ದೆಹಲಿಯ ಗಾಳಿ, ಯಮುನೆಯ ಮಟ್ಟ, ಕಾವೇರಿಯ ಹರಿವು ಎಲ್ಲವನ್ನೂ ಅಳೆಯುವುದು ಸಾರ್ವಜನಿಕರ ಹಣದಲ್ಲಿ. ಅಂಕಿಗಳನ್ನು ಮುಕ್ತವಾಗಿ ಕೊಡಬೇಕು ಎಂಬ ಒತ್ತಾಯ ಹಳೆಯದು, ಅದಕ್ಕೆ ಫಲವೂ ಸಿಕ್ಕಿದೆ. ಮುಂದಿನ ಹೆಜ್ಜೆ ಟಿಪ್ಪಣಿಯದು. ಮಾಪನ ಕೇಂದ್ರ ಕೆಟ್ಟು ನಿಂತ ದಿನ ಯಾವುದು, ಉಪಕರಣ ಬದಲಾದದ್ದು ಯಾವಾಗ, ಮಳೆ ಬಂದದ್ದು ಎಂದು, ನಿರ್ಬಂಧ ಜಾರಿಯಲ್ಲಿದ್ದದ್ದು ಎಷ್ಟು ದಿನ ಎಂಬುದೆಲ್ಲ ಅಂಕಿಯ ಜೊತೆಗೇ, ದಿನಾಂಕ ಸಮೇತ ಪ್ರಕಟವಾಗಬೇಕು. ಹಾಗಾದರೆ ಚಾರ್ಟ್ ಮಾಡುವ ಪ್ರತಿಯೊಬ್ಬರೂ ನೆನಪಿನಿಂದಲೋ ಊಹೆಯಿಂದಲೋ ಬರೆಯಬೇಕಾಗಿಲ್ಲ.

ಪ್ರತಿ ಟಿಪ್ಪಣಿಗೂ ಬರೆದವರ ಹೊಣೆ ಇರಲಿ: ಯಾರು ಬರೆದರು, ಯಾವಾಗ, ಯಾವ ಆಧಾರದ ಮೇಲೆ. ತಿದ್ದಿದರೆ ತಿದ್ದಿದ ದಿನವೂ ಕಾಣಲಿ. ಪತ್ರಿಕೆ ತನ್ನ ಸುದ್ದಿಗೆ ಹೊಣೆ ಹೊರುವಂತೆ ಚಾರ್ಟ್ ತನ್ನ ಮೇಲಿನ ನಾಲ್ಕು ಪದಗಳಿಗೂ ಹೊಣೆ ಹೊರಬೇಕು.

ಓದುಗರೂ ಒಂದು ಅಭ್ಯಾಸ ಬೆಳೆಸಿಕೊಳ್ಳಬಹುದು. ಚಾರ್ಟ್ ನೋಡಿದಾಗ ಅದರ ಮೇಲಿನ ಪದವನ್ನು ಮನಸ್ಸಿನಲ್ಲೇ ಒಂದು ದಿನ ಆಚೆಗೆ ಸರಿಸಿ ನೋಡಿ. ಕಥೆ ಬದಲಾಯಿತೇ? ಹಾಗಾದರೆ ಆ ಕಥೆಯನ್ನು ಹೇಳುತ್ತಿದ್ದದ್ದು ಗೆರೆಯಲ್ಲ, ಟಿಪ್ಪಣಿ. ಅದನ್ನು ಅಲ್ಲಿಟ್ಟವರಿಂದ ಆಧಾರ ಕೇಳಿ. ಉಸಿರಾಡುವ ಗಾಳಿಯ, ಕುಡಿಯುವ ನೀರಿನ ವಿಚಾರದಲ್ಲಿ ಆ ಪ್ರಶ್ನೆ ಕೇಳುವ ಅಧಿಕಾರ ಪ್ರತಿಯೊಬ್ಬ ನಾಗರಿಕನಿಗೂ ಇದೆ.